ಧೂಳು ನಮ್ದು, ಗ್ಯಾಸ್ ಮಿಸ್ತ್ರೀದು

ಬೇರೆ ಹೆಂಗಸರು ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡರೆ ನಮ್ಮ ಎದುರುಮನೆ ಅಕ್ಕ ಹಳೆಯ ಟೂತ್‌ಬ್ರಷ್ ಸಿಕ್ಕಿಸಿಕೊಳ್ಳುತ್ತಿದ್ದಳು. ಹಸಿರು ಹಿಡಿ, ಎರಡೂ ಕಡೆಗೆ ಬಾಗಿ ಸೊರಗಿದ ಕೂದಲು, ನೆರಿಗೆಯ ಎಡಗಡೆ ಸದಾ ಇಣುಕುತ್ತಿತ್ತು. ಅದು ಹಲ್ಲಿಗಲ್ಲ, ಫ್ರಿಜ್ಜಿಗೆ. ಸಿಮೆಂಟು ಕಾರ್ಖಾನೆಯ ಊರಾದ ವಾಡಿಯ ನಮ್ಮ ಓಣಿಯಲ್ಲಿ ಯಾರ ಮನೆಯ ಫ್ರಿಜ್ ಮುನಿಸಿಕೊಂಡರೂ ಮೊದಲ ಕರೆ ಆಕೆಗೆ, ಪಕ್ಕದ ಶಹಾಬಾದದ ರಿಪೇರಿ ಮಿಸ್ತ್ರಿಗೆ ಆಮೇಲೆ. ಆ ಬ್ರಷ್ ಕಂಡರೆ ನನಗೆ ಆಗುತ್ತಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬರೆಯುತ್ತಿರುವವಳು ಆಕೆಯ ಮೇಲೆ ಆರು ವರ್ಷ ಹೊಟ್ಟೆಕಿಚ್ಚು ಪಟ್ಟವಳು.

ಕಾರಣ ಇಲ್ಲದೆ ಪಟ್ಟೆನೆಂದು ತಿಳಿಯಬೇಡಿ. ನಾನು ಬಿ.ಎಸ್ಸಿ., ಬಿ.ಎಡ್. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ದ್ರವ ಆವಿಯಾಗುವಾಗ ಸುತ್ತಲಿನ ಶಾಖ ಹೀರಿಕೊಳ್ಳುತ್ತದೆ, ಫ್ರಿಜ್ ತಂಪಾಗುವುದು ಹಾಗೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಬರೆದು ನನ್ನ ಕೈ ಪಳಗಿತ್ತು. ಆಕೆ ಚಿಮ್ಮನಚೋಡ ಎಂಬ ಹಳ್ಳಿಯವಳು, ಓದಿದ್ದು ಹತ್ತನೆಯ ಕ್ಲಾಸು. ಆದರೆ ಅಕ್ಷರವಿದ್ದ ಯಾವ ಕಾಗದವನ್ನೂ ಓದದೆ ಬಿಡದ ಚಟ ಆಕೆಗಿತ್ತು. ಫ್ರಿಜ್ಜಿನ ಜೊತೆ ಬರುವ ಪುಸ್ತಿಕೆಯನ್ನು ನಾವೆಲ್ಲ ರದ್ದಿಗೆ ಹಾಕುತ್ತೇವೆ. ಆಕೆ ಅದನ್ನು ಡಿಕ್ಷನರಿ ಹಿಡಿದು ಕೊನೆಯ ಪುಟದವರೆಗೆ ಓದಿ, ಗೋಡೆಯ ಮೇಲಿನ ನೀಲಿ ಕೋಟಿನ ಫೋಟೋದ ಕೆಳಗೆ, ಬುದ್ಧನ ಪುಸ್ತಕಗಳ ಸಾಲಿನಲ್ಲಿ ಇಟ್ಟಿದ್ದಳು. ಮಿಕ್ಕದ್ದನ್ನು ಮಿಸ್ತ್ರಿ ಬಂದಾಗಲೆಲ್ಲ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅವನ ತಲೆ ತಿಂದು ಕಲಿತಿದ್ದಳು.

ನಾವು ವಾಡಿಗೆ ಬಂದ ಮೊದಲ ಬೇಸಿಗೆಯಲ್ಲೇ ನಮ್ಮ ಫ್ರಿಜ್ ತಂಪು ಮಾಡುವುದನ್ನು ನಿಲ್ಲಿಸಿತು. ಒಳಗೆ ದೀಪ ಉರಿಯುತ್ತಿತ್ತು, ಹಿಂದೆ ಮೋಟಾರು ಗುಂಯ್ ಎನ್ನುತ್ತಿತ್ತು, ಮೊಸರು ಮಾತ್ರ ಮಧ್ಯಾಹ್ನಕ್ಕೆ ಹುಳಿ. ಕಂಪ್ರೆಸರ್ ಕೆಟ್ಟಿದೆ ಎಂದು ನಾನು ತೀರ್ಪು ಕೊಟ್ಟೆ. ನನ್ನವರು ಮಿಸ್ತ್ರಿಯ ನಂಬರು ಹುಡುಕುವಷ್ಟರಲ್ಲಿ ಅತ್ತೆ ಬಾಗಿಲಿಗೆ ಹೋಗಿ ಎದುರುಮನೆಗೆ ಕೂಗು ಹಾಕಿಯಾಗಿತ್ತು.

ಅಕ್ಕ ಬಂದವಳೇ ಫ್ರಿಜ್ಜಿನ ಮಗ್ಗುಲಿಗೆ ಅಂಗೈ ಹಚ್ಚಿ, ಮಕ್ಕಳ ಜ್ವರ ನೋಡುವ ಹಾಗೆ ಸ್ವಲ್ಪ ಹೊತ್ತು ನಿಂತಳು. ಮೈ ಸುಡುತ್ತಿದೆ ಎಂದಳು. ನಾನು ತಿದ್ದುತ್ತಿದ್ದ ಉತ್ತರ ಪತ್ರಿಕೆಗಳ ಪಕ್ಕದಿಂದ ಖಾಲಿ ಹಾಳೆಯೊಂದನ್ನು ಎತ್ತಿಕೊಂಡು, ಅದನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ, ಎಳೆದಳು. ಹಾಳೆ ಬಿಗಿಯಾಗಿ ನಿಂತಿತು. ರಬ್ಬರು ಗಟ್ಟಿ ಇದೆ, ತಂಪು ಹೊರಗೆ ಸೋರುತ್ತಿಲ್ಲ ಎಂದಳು. ಆಮೇಲೆ ಪ್ಲಗ್ ಕಿತ್ತು, ಫ್ರಿಜ್ಜನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆಸಿ, ಹಿಂದಿನ ಕರಿ ಜಾಲರಿಗೆ ಬ್ರಷ್ ಆಡಿಸಿದಳು. ಸಿಮೆಂಟು, ನೆಲಕ್ಕೆ ಹಾಸುವ ಪರಸಿಕಲ್ಲಿನ ಪುಡಿ, ರಸ್ತೆಯ ಮಣ್ಣು ಎಲ್ಲ ಸೇರಿ ಕಟ್ಟಿದ್ದ ಬೂದು ಪದರು ಹಪ್ಪಳದ ಹಾಗೆ ಕಳಚಿ ಬಿತ್ತು. ಒಳಗಿನ ಶಾಖ ಹೊರಹೋಗುವ ದಾರಿಯೇ ಮುಚ್ಚಿಹೋಗಿತ್ತು. ಇದನ್ನು ಚಿತ್ರ ಬರೆದು ಹೇಳಿಕೊಡುವವಳು ನಾನು. ಬಗ್ಗಿ ನೋಡಿದವಳು ಆಕೆ.

"ಧೂಳು ನಮ್ದು, ಗ್ಯಾಸ್ ಮಿಸ್ತ್ರೀದು," ಎಂದು ಆಕೆ ಕೈ ಝಾಡಿಸಿದಳು. "ಧೂಳಿಗೆ ಮಿಸ್ತ್ರೀನ ಕರೀಬ್ಯಾಡ್ರಿ. ಗ್ಯಾಸಿಗೆ ನೀವು ಕೈ ಹಾಕಬ್ಯಾಡ್ರಿ. ಇಷ್ಟು ತಿಳದ್ರ ಮುಗೀತು ನೋಡ್ರಿ."

ಸಂಜೆಗೆ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪಾಯಿತು. ಅತ್ತೆ ಲೋಟ ಕೆಳಗಿಟ್ಟು "ಭಾಳ ಶಾಣ್ಯಾಕಿ ಅದಾಳ ಆಕಿ" ಎಂದರು. ನಮ್ಮ ಕಡೆ ಶಾಣ್ಯಾಕಿ ಎಂದರೆ ಬರೀ ಜಾಣೆಯಲ್ಲ. ಮನೆ ನಡೆಸಬಲ್ಲವಳು, ನಂಬಿ ಕೂಡಬಹುದಾದವಳು. ಮದುವೆಯಾಗಿ ಬಂದಂದಿನಿಂದ ಆ ಒಂದು ಮಾತಿಗೆ ನಾನು ಕಾದಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ತಟ್ಟಿದೆ, ಅವರಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಎರಡು ಹೊತ್ತು ಇನ್ಸುಲಿನ್ ಚುಚ್ಚಿದೆ. ನನಗೆ ಸಿಕ್ಕದ ಮಾತು ಟೂತ್‌ಬ್ರಷ್ಷಿನವಳಿಗೆ ಒಂದೇ ಮಧ್ಯಾಹ್ನದಲ್ಲಿ ಸಿಕ್ಕಿತು.

ಅಂದಿನಿಂದ ಆಕೆ ಒಮ್ಮೆಯಾದರೂ ಸೋಲಲಿ ಎಂದು ಕಾಯುತ್ತ ಕೂತೆ. ಓಣಿಯ ಕೊನೆಯ ಮನೆಯವರು ಕರೆದ ದಿನ ನಾನೂ ಹಿಂದೆಯೇ ಹೋದೆ. ಫ್ರಿಜ್ಜಿನ ಹಿಡಿಕೆ ಮುಟ್ಟಿದರೆ ಕೈ ಜುಂ ಎನ್ನುತ್ತದೆ, ಹಿಂದಿನಿಂದ ಸುಟ್ಟ ವಾಸನೆ ಬರುತ್ತದೆ ಎಂದು ಅವರು ಹೇಳುತ್ತಿದ್ದಂತೆ ಅಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮೇನ್ ಬಂದ್ ಮಾಡಿಸಿದಳು, ಯಾರನ್ನೂ ಹತ್ತಿರ ಬಿಡಬೇಡಿ ಎಂದಳು, ಬ್ರಷ್ಷನ್ನು ಸೊಂಟದಿಂದ ತೆಗೆಯಲೇ ಇಲ್ಲ. ಇದು ನನ್ನ ಕೆಲಸವಲ್ಲ, ಮಿಸ್ತ್ರಿಯನ್ನು ಕರೆಸಿ ಎಂದು ತಿರುಗಿ ನಡೆದಳು. ಕೊನೆಗೂ ಸೋತಳು ಎಂದು ಒಳಗೊಳಗೇ ಹಿಗ್ಗಿ ಮನೆಗೆ ಬಂದು ಅತ್ತೆಗೆ ವರದಿ ಒಪ್ಪಿಸಿದೆ. ಅತ್ತೆ ಎಲೆಗೆ ಸುಣ್ಣ ಸವರುತ್ತ, ತನಗೆ ಬರದ್ದನ್ನು ಬರುವುದಿಲ್ಲ ಅನ್ನುವವಳೇ ಶಾಣ್ಯಾಕಿ ಎಂದರು. ಗೆದ್ದರೂ ಆ ಮಾತು ಆಕೆಯದೇ, ಸೋತರೂ ಆಕೆಯದೇ.

ಇನ್ನು ಚಾಕುವಿನ ವಿಷಯ. ನಮ್ಮದು ಒಂದೇ ಬಾಗಿಲಿನ ಫ್ರಿಜ್, ಮೇಲಿನ ಬರ್ಫಿನ ಪೆಟ್ಟಿಗೆಯಲ್ಲಿ ಗೇಣುದ್ದ ಹಿಮ ಕಟ್ಟುತ್ತಿತ್ತು. ಅತ್ತೆಯ ಇನ್ಸುಲಿನ್ ಬರ್ಫಿನ ಪಕ್ಕ ಇಡಬೇಡಿ, ಹೆಪ್ಪುಗಟ್ಟಿದರೆ ಔಷಧಿ ಸತ್ತಂತೆ, ನಡುವಿನ ಹಲಗೆಯಲ್ಲಿ ಇಡಿ ಎಂದು ಹೇಳಿದವಳೂ ಅಕ್ಕನೇ. ಹಿಮ ಹೆಚ್ಚಾದಾಗ ಬೆಳಿಗ್ಗೆ ಪ್ಲಗ್ ತೆಗೆದು ಬಾಗಿಲು ತೆರೆದಿಡಿ, ತಾನಾಗಿ ಕರಗಲಿ, ಚಾಕು ಮಾತ್ರ ಮುಟ್ಟಿಸಬೇಡಿ ಎಂದೂ ಹೇಳಿದ್ದಳು. ಒಂದು ಭಾನುವಾರ ಹಿಮ ಕೆಳಗಿನವರೆಗೂ ಇಳಿದಿತ್ತು. ಅತ್ತೆ, ಎದುರುಮನೆಯವಳು ಊಟ ಮುಗಿಸಿ ಬರುತ್ತಾಳೆ, ಅಲ್ಲಿಯವರೆಗೆ ಏನೂ ಮಾಡಬೇಡ ಎಂದು ನನಗೆ ಹೇಳಿ ಮಲಗಿದರು. ನನ್ನ ಮನೆ, ನನ್ನ ಫ್ರಿಜ್, ನನಗೆ ಏನೂ ಮಾಡಬೇಡ. ಆಕೆ ಬರುವುದರೊಳಗೆ ಸ್ವಚ್ಛ ಮಾಡಿ ತೋರಿಸುತ್ತೇನೆಂದು ಬದನೆಕಾಯಿ ಹೆಚ್ಚುವ ಚಾಕು ತಂದು ಹಿಮಕ್ಕೆ ಹಾಕಿದೆ.

ಮೂರನೆಯ ಏಟಿಗೆ ಸುಸ್ಸೆಂದು ಸದ್ದು ಬಂತು. ಕುಕ್ಕರ್ ಸೀಟಿಯ ಕೊನೆಯಂಥ, ತೆಳ್ಳನೆಯ, ನಿಲ್ಲದ ಸದ್ದು. ನನಗೆ ವಿಜ್ಞಾನ ಗೊತ್ತಿತ್ತಲ್ಲ, ಏನಾಯಿತೆಂದು ತಕ್ಷಣ ತಿಳಿಯಿತು. ತಿಳಿದದ್ದರಿಂದಲೇ ಚಾಕು ಹಿಡಿದು ಹಾಗೇ ನಿಂತಿದ್ದೆ. ಅಷ್ಟರಲ್ಲಿ ಒಳಗೆ ಬಂದ ಅಕ್ಕ ಒಮ್ಮೆ ಪೆಟ್ಟಿಗೆ ನೋಡಿದಳು, ಒಮ್ಮೆ ನನ್ನ ಕೈ ನೋಡಿದಳು.

"ಒಲಿ ಹಚ್ಚಬ್ಯಾಡ್ರಿ, ಸ್ವಿಚ್ ಮುಟ್ಟಬ್ಯಾಡ್ರಿ. ಕಿಟಕಿ ತೆಗೀರಿ," ಎಂದಳು. ಈಗೀಗಿನ ಫ್ರಿಜ್ಜುಗಳ ಗ್ಯಾಸ್ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆಂದು ಆ ಪುಸ್ತಿಕೆಯಲ್ಲಿ ಓದಿದ್ದಳು. ಅತ್ತೆಯನ್ನು ಎಬ್ಬಿಸಿ ಅಂಗಳದಲ್ಲಿ ಕೂರಿಸಿ, ಇನ್ಸುಲಿನ್ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತನ್ನ ಮನೆಗೆ ಒಯ್ದಳು.

ಮರುದಿನ ಶಹಾಬಾದದಿಂದ ಮಿಸ್ತ್ರಿ ಬಂದ. ಪೆಟ್ಟಿಗೆಯ ಮೇಲಿನ ನೆಟ್ಟನೆಯ ಸೀಳು ನೋಡಿ ಇದು ಚಾಕು ಎಂದು ಬಾಯಿ ತೆರೆದ. ಹಿಂದೆ ಅತ್ತೆ ನಿಂತಿದ್ದರು. ಅಕ್ಕ ನಡುವೆ ಬಾಯಿ ಹಾಕಿ, ಹಳೇ ಪೆಟ್ಟಿಗೆಯಲ್ಲವೇ, ತುಕ್ಕು ಹಿಡಿದು ತೂತಾಗಿರುತ್ತದೆ ಎಂದಳು. ಅಲ್ಯೂಮಿನಿಯಂ ತುಕ್ಕು ಹಿಡಿದು ಹೀಗೆ ಸೀಳುವುದಿಲ್ಲವೆಂದು ನನಗೆ ಗೊತ್ತು, ಆಕೆಗೆ ಗೊತ್ತು, ಮಿಸ್ತ್ರಿಗಂತೂ ಗೊತ್ತೇ ಗೊತ್ತು. ಅವನು ಆಕೆಯ ಮುಖ ನೋಡಿ, ಹೌದ್ರಿ, ತುಕ್ಕು ಎಂದ. ಹೊಸ ಪೆಟ್ಟಿಗೆ ಕಲಬುರಗಿಯಿಂದ ಬರಬೇಕು, ಹತ್ತು ದಿನ ಹಿಡಿಯುತ್ತದೆ ಎಂದು ಹೇಳಿ ಹೋದ.

ಆಕೆ ನನ್ನ ಮಾನ ಉಳಿಸಿದಳು. ಅದಕ್ಕೆ ಆಕೆಯನ್ನು ಇನ್ನಷ್ಟು ದ್ವೇಷಿಸಿದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಆ ಹತ್ತು ದಿನ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅತ್ತೆ ಸೂಜಿಗೆಂದು ಎದುರುಮನೆಗೆ ಹೊರಡುತ್ತಿದ್ದರು. ನಾನು ತಂದು ಚುಚ್ಚುತ್ತೇನೆ ಎಂದರೆ, ಇರಲಿ, ಆಕೆಗೂ ಬರುತ್ತದೆ, ಕೈ ಹಗುರ ಎನ್ನುತ್ತಿದ್ದರು. ಐದು ನಿಮಿಷದ ಕೆಲಸಕ್ಕೆ ಒಂದು ತಾಸು. ಅಡಿಗೆಮನೆಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ನಮ್ಮ ಅತ್ತೆ ಲಿಂಗ ಕಟ್ಟಿದವರು, ಹೊರಗೆ ಯಾರ ಮನೆಯಲ್ಲೂ ನೀರು ಮುಟ್ಟಿದವರಲ್ಲ. ಆ ಮನೆಯಲ್ಲಿ ಮುಟ್ಟುವುದಂತೂ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮೂರನೆಯ ದಿನ ನೋಡುತ್ತೇನೆ, ಆಕೆಯ ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಊದಿ ಊದಿ ಕುಡಿಯುತ್ತಿದ್ದಾರೆ. ನಾನು ಮಾಡಿದ ಚಹಾವನ್ನು ಅರ್ಧಕ್ಕೇ ಬಿಡುವವರು ಅಲ್ಲಿ ಬಸಿ ಬರಿದು ಮಾಡಿ ಇಟ್ಟರು. ಖುಷಿಪಡಬೇಕಾದ ದೃಶ್ಯ ಅದು, ಓದಿದವಳಾಗಿ ನನಗೆ ಅಷ್ಟು ತಿಳಿಯಬೇಕಿತ್ತು. ನನಗೆ ಕಂಡದ್ದು ಖಾಲಿ ಬಸಿ ಮಾತ್ರ.

ಏಳನೆಯ ದಿನ ಅತ್ತೆಗೆ ಕಾಲು ಬಾತಿತ್ತು, ಔಷಧಿ ತರಲು ನಾನೇ ಹೋದೆ. ಅಕ್ಕ ಹಿತ್ತಿಲಲ್ಲಿದ್ದಳು, ತೆಗೆದುಕೊಳ್ಳಿ ಎಂದು ಅಲ್ಲಿಂದಲೇ ಕೂಗಿದಳು. ಫ್ರಿಜ್ ತೆರೆದೆ. ಒಂದು ಹಲಗೆ ಪೂರ್ತಿ ಖಾಲಿ, ನಡುವೆ ಸ್ಟೀಲ್ ಡಬ್ಬಿಯಲ್ಲಿ ಅತ್ತೆಯ ಇನ್ಸುಲಿನ್. ಬಾಗಿಲಲ್ಲಿ ತತ್ತಿ ಇಡುವ ತಟ್ಟೆ ತೊಳೆದು ಬೋರಲು ಹಾಕಿತ್ತು. ತತ್ತಿಗಳು ಆ ಸುಡು ಬೇಸಿಗೆಯಲ್ಲಿ ಕಿಟಕಿಗೆ ನೇತುಹಾಕಿದ ಬುಟ್ಟಿಯಲ್ಲಿದ್ದವು. ಹಿತ್ತಿಲಲ್ಲಿ ಆಕೆ ಕಾಗಿಣಾ ನದಿಯ ಮೀನು ತೊಳೆಯುತ್ತಿದ್ದಳು. ಅಂದೇ ತಂದು ಅಂದೇ ತೀರಿಸುವಷ್ಟು, ಎರಡೇ ಎರಡು. ಅರ್ಧ ವಾರಕ್ಕೆ ಆಗುವಷ್ಟು ಒಮ್ಮೆಲೇ ತರುವ ಮನೆ ಅದು. ಇದೇಕೆ ಹೀಗೆ ಎಂದು ಕೇಳಿದೆ.

"ನಿಮ್ಮ ಅತ್ತಿ ಔಷಧ ಅದಲ್ಲರಿ ಒಳಗ," ಎಂದಳು ತಲೆ ಎತ್ತದೆ. "ವಾಸನಿ ಬಂದು ಸೂಜಿ ಬ್ಯಾಡಂದ್ರ ಯಾರು ಕೇಳ್ಬೇಕು? ಹತ್ತು ದಿನ ತತ್ತಿ ಹೊರಗಿದ್ರ ಸಾಯಂಗಿಲ್ಲ."

ಇದನ್ನು ಅತ್ತೆಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಶಾಣ್ಯಾಕಿ ಎಂಬ ಆ ಮಾತು ಇನ್ನೊಮ್ಮೆ ಕೇಳಬೇಕಾಗುತ್ತದಲ್ಲ.

ಹೋದ ವರ್ಷ ದೀಪಾವಳಿಯ ಮುಂಚೆ, ಒಂದು ಬೆಳಿಗ್ಗೆ ಆಕೆಗೆ ಎದೆ ಹಿಡಿದುಕೊಂಡಿತು. ಗ್ಯಾಸ್ ಆಗಿರಬೇಕು, ಸೋಡಾ ಕುಡಿ, ಇಳಿಯುತ್ತದೆ ಎಂದು ಮನೆಯವರು ಹೇಳಿದರು. ನಾನು ಆಗ ಅಲ್ಲೇ ಇದ್ದೆ. ಹಣೆಯ ತುಂಬ ಬೆವರು, ತುಟಿ ಬಿಳಿಚಿತ್ತು. ಆದರೂ ಆಕೆ ನನ್ನ ಕಡೆ ನೋಡಿ ನಕ್ಕಳು.

"ಗ್ಯಾಸ್ ಆದ್ರ ಮಿಸ್ತ್ರೀದೇ ಕೆಲಸ. ಗಾಡಿ ತರ್ರಿ."

ಗಾಡಿ ಬಂತು. ತಡ ಆಗಲಿಲ್ಲ, ಕಲಬುರಗಿಯ ಆಸ್ಪತ್ರೆಯವರೂ ಸರಿಯಾದ ಹೊತ್ತಿಗೆ ಬಂದಿದ್ದೀರಿ ಎಂದರಂತೆ. ಮೂರು ದಿನ ಇದ್ದಳು, ನಾಲ್ಕನೆಯ ದಿನ ಇಲ್ಲವಾದಳು. ಎಲ್ಲ ಸರಿಯಾಗಿ ಮಾಡಿದರೂ ಒಮ್ಮೊಮ್ಮೆ ಮಿಸ್ತ್ರಿಯ ಕೈಯಲ್ಲೂ ಆಗುವುದಿಲ್ಲ. ಇದನ್ನು ಮಾತ್ರ ಆಕೆ ಯಾರಿಗೂ ಹೇಳಿರಲಿಲ್ಲ.

ಅತ್ತೆ ಎದುರುಮನೆಯ ಕಟ್ಟೆಯ ಮೇಲೆ ಕೂತು ಅತ್ತ ರೀತಿ ನೋಡಿ, ನಾನು ಹೋದರೆ ಇಷ್ಟು ಅಳುತ್ತಾರೆಯೇ ಎಂಬ ಯೋಚನೆ ನನಗೆ ಬಂತು. ಬಂದದ್ದು ನಿಜ, ಮುಚ್ಚಿಟ್ಟು ಏನು ಮಾಡಲಿ. ಅದೇ ನಾಚಿಕೆಗೋ ಏನೋ, ಕೆಲವು ದಿನಗಳ ಮೇಲೆ ಅತ್ತೆಯ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ಪೆಟ್ಟಿಗೆಗೆ ತುಕ್ಕು ಹಿಡಿದಿರಲಿಲ್ಲ, ನಾನೇ ಚಾಕು ಹಾಕಿದ್ದು, ಅಕ್ಕ ನನಗಾಗಿ ಸುಳ್ಳು ಹೇಳಿದಳು, ನಿಮ್ಮ ಔಷಧಿಗಾಗಿ ತತ್ತಿ ಹೊರಗಿಟ್ಟಳು ಎಂದೆ. ಅತ್ತೆ ಬೆಂಡೆಕಾಯಿ ಹೆಚ್ಚುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಗೊತ್ತದ," ಎಂದರು. ಚಾಕುವನ್ನು ನನ್ನ ಕಣ್ಣ ಮುಂದೆ ಹಿಡಿದರು. ತುದಿ ಒಂದು ಕಡೆಗೆ ಬಾಗಿತ್ತು. "ಅವತ್ತಿನಿಂದ ಇದರಾಗೇ ಕಾಯಿಪಲ್ಯ ಹೆಚ್ಚಾಕತ್ತೀನಿ. ಅವತ್ತೇ ನಿನ್ನ ಕೇಳ್ಬೇಕಂದಿದ್ದೆ. ಆಕಿ ಬ್ಯಾಡಂದ್ಲು. ನಿಮ್ಮ ಸೊಸಿ ಶಾಣ್ಯಾಕಿ ಅದಾಳ, ಒಮ್ಮೆ ತಪ್ಪಿದ್ದು ಮತ್ತ ತಪ್ಪಂಗಿಲ್ಲ, ಕೇಳಿ ಮುಖ ಸಣ್ಣ ಮಾಡಬ್ಯಾಡ್ರಿ, ಅಂದ್ಲು."

ನಾನು ಎದ್ದು ಅಡಿಗೆಮನೆಗೆ ಹೋಗಿ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತೆ. ಇಷ್ಟು ವರ್ಷ ಅತ್ತೆಯ ಬಾಯಿಂದ ಬರಲಿ ಎಂದು ಕಾದ ಮಾತು ಎದುರುಮನೆಯ ಕಟ್ಟೆಯ ಮೇಲೆ ಎಂದೋ ಬಂದಿತ್ತು. ಹೇಳಿದವಳು ಆಕೆ, ಕೇಳಿಸಿಕೊಂಡವರು ಅತ್ತೆ, ಕಿಟಕಿಯಲ್ಲಿ ನಿಂತು ಉರಿಯುತ್ತಿದ್ದವಳು ನಾನು.

ಈಗ ಓಣಿಯವರು ನನ್ನನ್ನು ಕರೆಯುತ್ತಾರೆ. ಅಂಗೈ ಹಚ್ಚಿ ನೋಡುತ್ತೇನೆ, ಹಾಳೆ ಎಳೆಯುತ್ತೇನೆ, ಮೊದಲು ಪ್ಲಗ್ ಕೀಳುತ್ತೇನೆ. ಮೋಟಾರು ಟಕ್ ಟಕ್ ಎಂದು ಶುರುವಾಗದೆ ನಿಂತರೆ, ವಾಸನೆ ಬಂದರೆ, ಹಿಡಿಕೆ ಜುಂ ಎಂದರೆ ಹೊಸ್ತಿಲಲ್ಲೇ ನಿಂತು ಶಹಾಬಾದದ ನಂಬರು ಕೊಡುತ್ತೇನೆ. ಧೂಳು ನಮ್ದು, ಗ್ಯಾಸ್ ಮಿಸ್ತ್ರೀದು ಎಂದು ಹೇಳುವಾಗ ಎದುರಿಗಿದ್ದವರ ಕಣ್ಣು ಒದ್ದೆಯಾಗುತ್ತದೆ, ಮತ್ತು ಆ ಒದ್ದೆ ನನ್ನ ಸಲುವಾಗಿ ಅಲ್ಲವೆಂದು ನನಗೆ ಗೊತ್ತು.

ಮೊನ್ನೆ ಹೀಗೇ ಒಬ್ಬರ ಮನೆಗೆ ಹೊರಟಿದ್ದೆ. ಅತ್ತೆ ಬಾಗಿಲವರೆಗೂ ಬಂದು ನನ್ನ ಸೊಂಟದ ಕಡೆ ನೋಡಿದರು.

"ಬ್ರಷ್ ತಗೊಂಡಿ?"

ತೆಗೆದು ತೋರಿಸಿದೆ. ಹಸಿರು ಹಿಡಿಯದು. ಆಕೆ ಹೋದ ದಿನ ಎದುರುಮನೆಯಲ್ಲಿ ಯಾರೂ ನೋಡದಾಗ ಅವರ ಅಡಿಗೆಮನೆಯ ಕಿಟಕಿಯಿಂದ ಎತ್ತಿಕೊಂಡು ಬಂದಿದ್ದೆ. ಆಕೆಯದು ಎಂದು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.