ಹದ್ದಿಗಾಗಿ ಕೈ ಎತ್ತಿದವರು

ನಮ್ಮ ಪೆರು ಪ್ರವಾಸ ಕೆಡಲು ಶುರುವಾದದ್ದು ಒಂದು ಭಾನುವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ. ಆಗ ನಾವಿನ್ನೂ ನೈರೋಬಿಯಲ್ಲೇ ಇದ್ದೆವು. ಹರ್ಲಿಂಗ್‌ಹ್ಯಾಮ್‌ನಲ್ಲಿರುವ ಡಾಕ್ಟರ ಮನೆಯಲ್ಲಿ ಎರಡನೇ ಸುತ್ತಿನ ಕಾಫಿ ನಡೆದಿತ್ತು. ಹೊತ್ತು ನೆನಪಿರುವುದಕ್ಕೆ ಕಾರಣವಿದೆ. ಐದಕ್ಕೆ ಏಳೋಣ ಎಂದು ನನ್ನ ಗಂಡನಿಗೆ ಕಣ್ಸನ್ನೆ ಮಾಡಿದ್ದೆ. 'ಈಗಲೇ ಎದ್ದರೆ ಅವರೇನು ಅಂದುಕೊಳ್ಳುತ್ತಾರೆ' ಎಂದು ಇವರು ಕಣ್ಣಲ್ಲೇ ಉತ್ತರ ಕೊಟ್ಟಿದ್ದರು. ಅವರೇನು ಅಂದುಕೊಳ್ಳುತ್ತಾರೆ ಎನ್ನುವುದೇ ಇವರ ಜೀವನದ ಮೂಲಮಂತ್ರ. ಆ ಹತ್ತು ನಿಮಿಷದಲ್ಲಿ ಡಾಕ್ಟರು ಪ್ರವಾಸದ ಕಾರ್ಯಕ್ರಮ ಓದಿ ಮುಗಿಸಿ, ಕನ್ನಡಕ ತೆಗೆದು, ನಗಲು ಶುರುಮಾಡಿದರು.

"ಇದೇನ್ರಿ, ಪುನೋ ಊರಲ್ಲಿ ಇಳಿದ ಮೇಲೆ ಎರಡು ದಿನ ವಿಶ್ರಾಂತಿ? ಎತ್ತರಕ್ಕೆ ಮೈ ಒಗ್ಗಲಿ ಅಂತೆ! ನಾವೇನು ಮಂಗಳೂರಿಂದ ಹೋಗ್ತಿದೀವಾ? ನಾವಿರೋದೇ ಬೆಟ್ಟದ ಮೇಲೆ. ಈ ಊರ ಓಟಗಾರರು ಪ್ರಪಂಚನೇ ಗೆಲ್ಲೋದು ಯಾವ ಗಾಳಿ ಕುಡಿದು? ಅದೇ ಗಾಳಿ ನಾವೂ ಕುಡೀತಿರೋದು."

ಡಾಕ್ಟರು ಓಡಿದ್ದನ್ನು ನಾನು ಇದುವರೆಗೆ ನೋಡಿಲ್ಲ. ಲಿಫ್ಟ್ ಕೆಟ್ಟ ದಿನ ಅವರು ಕ್ಲಿನಿಕ್ಕಿಗೆ ರಜೆ ಹಾಕುತ್ತಾರೆ. ಅವರು ಚರ್ಮದ ಡಾಕ್ಟರು. ಆದರೆ ನೈರೋಬಿಯ ನಮ್ಮ ಕನ್ನಡದವರ ನಡುವೆ ಡಾಕ್ಟರು ಅಂದರೆ ಡಾಕ್ಟರು. ಚರ್ಮದಿಂದ ಒಳಗೆ ಕಾಲಿಡಬಾರದೆಂಬ ನಿಯಮವೇನೂ ಇಲ್ಲ. ಪುನೋ ನೈರೋಬಿಯ ಎರಡರಷ್ಟಕ್ಕಿಂತ ಹೆಚ್ಚು ಎತ್ತರದಲ್ಲಿದೆ ಎಂದು ನಾನು ಫೋನಿನಲ್ಲಿ ಹುಡುಕಿ ಓದಿ ಹೇಳಿದೆ. "ಅಮ್ಮಾ, ಫೋನಲ್ಲಿ ಎಲ್ಲಾ ಕಾಯಿಲೆನೂ ಇರತ್ತೆ" ಎಂದರು ಡಾಕ್ಟರು. ಎಲ್ಲರೂ ನಕ್ಕರು. ಇವರೂ ನಕ್ಕರು, ನಗದಿದ್ದರೆ ಚೆನ್ನಾಗಿರುವುದಿಲ್ಲವಲ್ಲ. ವಿಶ್ರಾಂತಿಯ ಎರಡು ದಿನ ರದ್ದಾಗಿ, ಸಮುದ್ರದಂಡೆಯ ಲೀಮಾದಲ್ಲಿ ಮಾಲ್ ಸುತ್ತುವುದಕ್ಕೆ ಸೇರಿಕೊಂಡವು. ನೈರೋಬಿಯ ನಮ್ಮ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಮಾಲ್‌ಗಳಿಗೆ ಬರ ನೋಡಿ.

ಪ್ರವಾಸ ಏರ್ಪಡಿಸಿದ್ದು ಊರ ಕಡೆಯ ಒಂದು ಕಂಪನಿ. ಅದರ ಮ್ಯಾನೇಜರು ಹುಬ್ಬಳ್ಳಿಯ ಐವತ್ತರ ಗಂಡಸು. ಕೈಯಲ್ಲಿ ಸದಾ ಮೈಕು, ಬಾಯಲ್ಲಿ ಸದಾ ನಗು. ಕಂಪನಿಯ ಹೆಮ್ಮೆಯೆಂದರೆ ಅದರ ಅಡುಗೆಯವರು. ಅವರು ಕುಕ್ಕರು, ಒಗ್ಗರಣೆ ಸಾಮಾನು ಹೊತ್ತು ನಮ್ಮ ಜೊತೆಗೇ ಬರುತ್ತಿದ್ದರು. ಆ ದೇಶದ ಜನ ಏನು ತಿನ್ನುತ್ತಾರೆಂದು ತಿಳಿಯುವ ಅಪಾಯದಿಂದ ನಮ್ಮನ್ನು ಕೊನೆಯವರೆಗೂ ಕಾಪಾಡಿದರು.

ವಿಮಾನ ಇಳಿದು, ಪುನೋ ತಲುಪಿ, ಹೋಟೆಲಿನ ಮೆಟ್ಟಿಲು ಹತ್ತುವಷ್ಟರಲ್ಲಿ ಬೆಟ್ಟದ ಮಕ್ಕಳಾದ ನಾವೆಲ್ಲ ಕಂಬ ಹಿಡಿದು ನಿಂತಿದ್ದೆವು. ಡಾಕ್ಟರು "ವಿಮಾನದ ಆಯಾಸ" ಎಂದರು. ಎರಡನೇ ದಿನ ಇವರಿಗೆ ಕೆಮ್ಮು ಶುರುವಾಯಿತು. ಡಾಕ್ಟರು "ಧೂಳು" ಎಂದರು. ಮೂರನೇ ದಿನ ಇವರು ಹಾಸಿಗೆಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಎರಡು ಕಡೆ ಕೂತರು.

"ರೀ, ಹುಷಾರಿಲ್ಲ ಅಂತ ಹೇಳೋಣ. ಇಲ್ಲೇ ಉಳಿಯೋಣ."

"ಸುಮ್ಮನಿರು. ಬಸ್ ರೆಡಿಯಾಗಿದೆ. ನಮ್ಮಿಂದ ಇಪ್ಪತ್ತು ಜನಕ್ಕೆ ತೊಂದರೆ ಯಾಕೆ?"

ಅವತ್ತು ಹೊರಟದ್ದು ಕಾಂಡೋರ್ ಎಂಬ ಭಾರಿ ಹದ್ದನ್ನು ನೋಡುವುದಕ್ಕೆ. ಒಂದು ದೊಡ್ಡ ಕಣಿವೆಯಲ್ಲಿ ಅದು ಬೆಳಗಿನ ಹೊತ್ತು ರೆಕ್ಕೆ ಬಿಚ್ಚಿ ತೇಲುತ್ತದಂತೆ. ನೈರೋಬಿಯಲ್ಲಿ ಆಳೆತ್ತರದ ಬೋಳುತಲೆಯ ಕೊಕ್ಕರೆಗಳು ರಸ್ತೆ ಬದಿಯ ಮರದ ಮೇಲೆ ಕೂತು ನಮ್ಮ ಕಾರಿನ ಮೇಲೇ ಹಿಕ್ಕೆ ಹಾಕುತ್ತವೆ, ಬಿಟ್ಟಿಯಾಗಿ. ಅವುಗಳ ಕಡೆ ನಾವು ಕತ್ತೆತ್ತಿ ನೋಡಿದವರಲ್ಲ. ಹದ್ದು ಅಂದಮೇಲೆ ದೂರದ್ದಾಗಿರಬೇಕು.

ಬಸ್ಸಿನಲ್ಲಿ ಇವರ ತುಟಿ ನೀಲಿಯಾಯಿತು. ಉಸಿರಿನ ಜೊತೆ ಒಂದು ಸದ್ದು ಬರತೊಡಗಿತು. ತಳದಲ್ಲಿ ಸ್ವಲ್ಪ ಉಳಿದ ಎಳನೀರನ್ನು ನಳಿಗೆಯಲ್ಲಿ ಹೀರಿದರೆ ಬರುತ್ತದಲ್ಲ, ಅದೇ ಸದ್ದು. ಈಗಲೂ ಯಾರಾದರೂ ಪಕ್ಕದ ಮೇಜಿನಲ್ಲಿ ಜ್ಯೂಸು ಮುಗಿಸಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಡಾಕ್ಟರು ಬಂದು ನಾಡಿ ಹಿಡಿದು, "ಗ್ಯಾಸು" ಎಂದರು. ಅವರ ಹೆಂಡತಿ, ನಾವೆಲ್ಲ ಆಂಟಿ ಎನ್ನುವವರು, ಜೀರಿಗೆ ಕಷಾಯ ಕೊಟ್ಟರು. ನಾನು ಆಮ್ಲಜನಕದ ಸಿಲಿಂಡರ್ ಕೇಳಿದೆ. ಮ್ಯಾನೇಜರು ಸೀಟಿನಡಿಯಿಂದ ತೆಗೆದು ತಿರುಗಿಸಿದರು. ಬರೀ ಖಾಲಿ. ಹಿಂದಿನ ದಿನ ನಮ್ಮ ಗುಂಪಿನವರೆಲ್ಲ ಒಬ್ಬೊಬ್ಬರಾಗಿ ಅದರ ಮಾಸ್ಕು ಹಾಕಿಕೊಂಡು, ಹೆಬ್ಬೆರಳೆತ್ತಿ, ಫೋಟೊ ತೆಗೆಸಿಕೊಂಡಿದ್ದರು. ಫೋಟೊಗಳು ಚೆನ್ನಾಗಿ ಬಂದಿವೆ.

ಬಸ್ಸು ಒಂದು ಕವಲುದಾರಿಯಲ್ಲಿ ಚಹಾಕ್ಕೆ ನಿಂತಿತು. ಎಡಕ್ಕೆ ಹೋದರೆ ರಸ್ತೆ ಅರೆಕ್ವಿಪಾ ಎಂಬ ಊರಿಗೆ ಇಳಿಯುತ್ತದೆ, ಅಲ್ಲಿ ಆಸ್ಪತ್ರೆಗಳಿವೆ. ಬಲಕ್ಕೆ ಹೋದರೆ ಇನ್ನೂ ಎತ್ತರದ ಒಂದು ಘಾಟಿ ಹತ್ತಿ ದಾಟಬೇಕು, ಆಚೆ ಹದ್ದಿನ ಕಣಿವೆ. ಎಡಕ್ಕೆ ಹೋಗೋಣ, ಈಗಲೇ, ಎಂದೆ ನಾನು.

ಮ್ಯಾನೇಜರು ಮೈಕು ಬಾಯಿಗಿಟ್ಟುಕೊಂಡರು. ನಾವಿದ್ದದ್ದು ಎರಡು ಮಾರು ದೂರದಲ್ಲಿ. "ನೋಡ್ರಿ ಅಕ್ಕಾರ, ಗ್ರೂಪ್ ಟೂರ್ ಅಂದಮ್ಯಾಲೆ ಒಬ್ಬರ ಸಲುವಾಗಿ ನಾ ಒಬ್ಬನ ತೀರ್ಮಾನ ಮಾಡಾಕ ಬರಂಗಿಲ್ರಿ. ಎಲ್ಲಾರೂ ರೊಕ್ಕಾ ಕೊಟ್ಟ ಬಂದೀರಿ. ಕೈ ಎತ್ತಿಬಿಡ್ರಿ. ಮೆಜಾರಿಟಿ ಏನ ಅಂತೈತಿ ಹಂಗ ಮಾಡೋಣು. ಹದ್ದು ನೋಡಾಕ ಹೋಗೋಣು ಅನ್ನೋರು?"

ಪ್ರಜಾಪ್ರಭುತ್ವ ಎಂದರೆ ಏನೆಂದು ಕಾಲೇಜಿನಲ್ಲಿ ಮೂರು ವರ್ಷ ಓದಿದ್ದೆ. ಅವತ್ತು ಕಣ್ಣಾರೆ ಕಂಡೆ. ಕೈಗಳು ಮೊದಲು ಅರ್ಧ ಎದ್ದವು, ಪಕ್ಕದವರ ಕೈ ನೋಡಿ ಪೂರ್ತಿ ಎದ್ದವು. ಡಾಕ್ಟರು ವೈದ್ಯಕೀಯ ಕಾರಣಗಳಿಗಾಗಿ ಎತ್ತಿದರು: "ಸುಮ್ಮನೆ ಹೆದರಿಸಿದರೆ ಪೇಷೆಂಟ್ ಇನ್ನೂ ಕುಗ್ತಾನೆ." ಆಂಟಿ ನನ್ನ ಕಡೆ ಕರುಣೆಯಿಂದ ನೋಡುತ್ತಲೇ ಎತ್ತಿದರು. ಆಮೇಲೆ ನನ್ನ ಪಕ್ಕದಲ್ಲಿ ಶಾಲು ಅಲುಗಿತು. ಅದರೊಳಗಿಂದ, ಉಗುರು ನೀಲಿಯಾದ ಒಂದು ಕೈ ಮೇಲಕ್ಕೆ ಬಂತು.

ನನ್ನ ಗಂಡ ಹದ್ದಿಗೆ ಮತ ಹಾಕುತ್ತಿದ್ದರು.

"ನೋಡು, ಅವರೇ ಹೂಂ ಅಂತಿದಾರೆ!" ಎಂದರು ಡಾಕ್ಟರು.

ನಾನು ರಾತ್ರಿಗಳಲ್ಲಿ ಮತ್ತೆ ಮತ್ತೆ ನೋಡುವುದು ಆ ನೀಲಿ ತುಟಿಯನ್ನಲ್ಲ, ಆ ಕೈಯನ್ನು. ಎಷ್ಟು ಸೌಜನ್ಯದಿಂದ ಎದ್ದಿತ್ತು ಅದು. ತರಗತಿಯಲ್ಲಿ ಅಪ್ಪಣೆ ಕೇಳುವ ಹುಡುಗನ ಕೈಯ ಹಾಗೆ.

ಅತ್ತು ಕೂಗಿದರೆ ಈ ಜನ ಸಮಾಧಾನ ಹೇಳುತ್ತಾರೆ, ಬಸ್ಸು ಬಲಕ್ಕೇ ಹೋಗುತ್ತದೆ ಎಂದು ಆ ಹೊತ್ತಿಗೆ ನನಗೆ ಅರ್ಥವಾಗಿತ್ತು. ಎದ್ದು ಹೋಗಿ ಮ್ಯಾನೇಜರ ಕೈಯಿಂದ ಮೈಕು ಕಿತ್ತುಕೊಂಡೆ.

"ಆಯ್ತು, ಬಲಕ್ಕೇ ಹೋಗೋಣ. ಘಾಟಿ ಮೇಲೆ ಇವರು ಸತ್ತರೆ ಬಸ್ಸು ಅಲ್ಲೇ ನಿಲ್ಲತ್ತೆ. ಪೊಲೀಸರು ಬರ್ತಾರೆ. ನಾವೆಲ್ಲ ಸಾಕ್ಷಿಗಳು, ಒಬ್ಬೊಬ್ಬರದೂ ಹೇಳಿಕೆ ಬರೆಸಿಕೊಳ್ತಾರೆ, ಅದೂ ಸ್ಪ್ಯಾನಿಷ್‌ನಲ್ಲಿ. ಪಾಸ್‌ಪೋರ್ಟ್ ಇಟ್ಕೋತಾರೆ. ಹದ್ದೂ ಇಲ್ಲ, ನೀವೆಲ್ಲ ಕಾಯ್ತಿರೋ ಮಾಚು ಪಿಚು ಕೋಟೇನೂ ಇಲ್ಲ. ಹೆಣದ ಜೊತೆ ಒಂದೇ ಬಸ್ಸಲ್ಲಿ ಕೂತಿರ್ತೀವಲ್ಲ, ಊಟ ಮಾಡಬಹುದಾ ಆಂಟಿ? ಅಡುಗೆ ಪಾತ್ರೆನೂ ಇದೇ ಬಸ್ಸಲ್ಲಿದೆ."

"ಅಯ್ಯೋ, ಬಿಡ್ತು ಅನ್ನು, ಬಿಡ್ತು ಅನ್ನು!" ಆಂಟಿ ಕಿವಿ ಮುಚ್ಚಿಕೊಂಡರು. "ಮುತ್ತೈದೆ ಬಾಯಲ್ಲಿ ಇಂಥ ಮಾತಾ?"

"ಅನ್ನಲ್ಲ. ಬಸ್ಸು ಎಡಕ್ಕೆ ತಿರುಗಲಿ, ಆಮೇಲೆ ಅಂತೀನಿ."

ಒಬ್ಬ ಮನುಷ್ಯನ ಉಸಿರು ಮಾಡಲಾಗದ್ದನ್ನು ಮಾಚು ಪಿಚು ಮಾಡಿತು. ಹಿಂದಿನ ಸೀಟಿನಿಂದ ಯಾರೋ "ಹದ್ದು ಯೂಟ್ಯೂಬಲ್ಲೂ ಸಿಗತ್ತೆ ಬಿಡ್ರಿ" ಎಂದರು. ಬಸ್ಸು ಎಡಕ್ಕೆ ತಿರುಗಿತು. ನಾನು ಬಿಡ್ತು ಎಂದೆ.

ಅರೆಕ್ವಿಪಾದ ಆಸ್ಪತ್ರೆಯಲ್ಲಿ ಒಬ್ಬ ವೈದ್ಯೆ ಎದೆಯ ಎಕ್ಸ್‌ರೇ ತೆಗೆಸಿ ತೋರಿಸಿದಳು. ಶ್ವಾಸಕೋಶದ ತುಂಬ ನೀರು, ಎತ್ತರಕ್ಕೆ ಮೈ ಒಗ್ಗದಿದ್ದರೆ ತುಂಬುವ ನೀರು. ನಾನು ಫೋನಿನಲ್ಲಿ ನಕ್ಷೆ ತೆಗೆದು ಘಾಟಿಯ ಮೇಲೆ ಬೆರಳಿಟ್ಟು, ಇಲ್ಲಿಗೆ ಹೋಗಿದ್ದರೆ, ಎಂದು ಸನ್ನೆಯಲ್ಲಿ ಕೇಳಿದೆ. ಅವಳು ತಲೆ ಅಡ್ಡಡ್ಡ ಆಡಿಸಿದಳು, ಭಾಷೆ ಬೇಕಾಗಲಿಲ್ಲ. ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದ ಇವರು ಕಣ್ಣು ಬಿಟ್ಟ ಮೇಲೆ ಕೇಳಿದ ಮೊದಲ ಮಾತು: "ಎಲ್ಲರಿಗೂ ಬೇಜಾರಾಯ್ತೇನೋ?"

ನೈರೋಬಿಗೆ ಮರಳಿದ ಮೇಲೆ ಇವರು ಗುಣವಾದರು, ನನ್ನ ನಿದ್ದೆ ಕೆಟ್ಟಿತು. ಇವರ ಮೂಗಿನ ಬಳಿ ಕೈಯಿಟ್ಟುಕೊಂಡು ಎದ್ದಿರುತ್ತಿದ್ದೆ. ಹಗಲು ಅಪ್ಪರ್ ಹಿಲ್‌ನ ಆಫೀಸಿನಲ್ಲಿ ತೂಕಡಿಸುತ್ತಿದ್ದೆ. ನನ್ನ ಹೆದರಿಕೆ ಕಾಯಿಲೆಯ ಬಗ್ಗೆ ಅಲ್ಲ. ಕಾಯಿಲೆಗೆ ಔಷಧಿ ಇದೆ. ಈ ಮನುಷ್ಯನಿಗೆ ಮತ್ತೆ ಏನಾದರೂ ಆದರೆ ನನಗೆ ಹೇಳುವುದಿಲ್ಲ, ನಿದ್ದೆ ಕೆಡಿಸುವುದು ಬೇಡವೆಂದು ಪಕ್ಕದಲ್ಲೇ ಸದ್ದಿಲ್ಲದೆ ಸತ್ತುಹೋಗುತ್ತಾರೆ ಎಂಬ ಹೆದರಿಕೆ. ತಪಾಸಣೆಗೆ ಕರೆದುಕೊಂಡು ಹೋದರೆ ಅಲ್ಲಿಯೂ "ಐ ಆಮ್ ಫೈನ್". ಗೇಟಿನ ಕಾವಲುಗಾರ ಹೇಗಿದ್ದೀರಿ ಎಂದರೆ "ಸವಾ, ಸವಾ". ಎಲ್ಲ ಸರಿ, ಎಲ್ಲ ಯಾವಾಗಲೂ ಸರಿ.

ಕೆಲವು ವಾರಗಳ ನಂತರ ಒಂದು ಭಾನುವಾರ ಡಾಕ್ಟರು ಪ್ರವಾಸದ ಗೆಳೆಯರಿಗೆಲ್ಲ ಊಟ ಹಾಕಿದರು. ಗೋಡೆಯ ದೊಡ್ಡ ಟೀವಿಯಲ್ಲಿ ಫೋಟೊ ತೋರಿಸುತ್ತ, "ಸರಿಯಾದ ಟೈಮಲ್ಲಿ ನಾವು ಡಿಸಿಷನ್ ತಗೊಂಡ್ವಿ ನೋಡಿ, ಇಲ್ಲದಿದ್ರೆ ಇವನು ಇವತ್ತು ಇರ್ತಿರಲಿಲ್ಲ" ಎಂದರು. ಜನ ತಲೆದೂಗಿದರು. ಇವರೂ ತಲೆದೂಗಿ "ಥ್ಯಾಂಕ್ಸ್ ಡಾಕ್ಟ್ರೇ" ಎಂದರು. ಎದುರಿಗಿದ್ದ ಬಿಸಿಬೇಳೆಬಾತನ್ನು ಎತ್ತಿ ಯಾರ ತಲೆಗೆ ಸುರಿಯಬೇಕೆಂದು ನನಗೆ ತೋಚಲಿಲ್ಲ. ಆಂಟಿ ಬಡಿಸುತ್ತಲೇ ಹೋದರು, ಇವರು ಬೇಡವೆನ್ನಲಾಗದೆ ತಿನ್ನುತ್ತಲೇ ಹೋದರು.

ಸಂಜೆ ಡಾಕ್ಟರು ತಮ್ಮ ಹೊಸ ಕಾರಿನಲ್ಲಿ ನಮ್ಮನ್ನು ಮನೆಗೆ ಬಿಡಲು ಹೊರಟರು, ಆಂಟಿ ಮುಂದೆ, ನಾವು ಹಿಂದೆ. ವೆಸ್ಟ್‌ಲ್ಯಾಂಡ್ಸ್‌ನ ವೃತ್ತ ಸುತ್ತುವಾಗ ಇವರು ಮುಂದಕ್ಕೆ ಬಾಗಿದರು.

"ಡಾಕ್ಟ್ರೇ, ಗಾಡಿ ನಿಲ್ಲಿಸಿ."

"ಇಲ್ಲಿ ಹೇಗಪ್ಪಾ? ಹಿಂದೆ ಮಟಾಟು ಇದೆ."

"ನಿಲ್ಲಿಸಿ ಅಂದೆನಲ್ಲ! ವಾಂತಿ ಬರ್ತಿದೆ. ನಿಲ್ಲಿಸದಿದ್ರೆ ನಿಮ್ಮ ಸೀಟಿನ ಮೇಲೇ ಮಾಡ್ತೀನಿ."

ಕಾರು ನಿಂತಿತು. ಹಿಂದೆ ಜನ ತುಂಬಿದ ಮಟಾಟು ವ್ಯಾನು, ಅದರ ಹಿಂದೆ ಇನ್ನೊಂದು, ಎಲ್ಲವೂ ಒಟ್ಟಿಗೆ ಹಾರನ್ ಒತ್ತಿದವು. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು ಸ್ವಾಹಿಲಿಯಲ್ಲಿ ಏನೇನೋ ಬೈದ. ಅರ್ಧ ನೈರೋಬಿಗೆ ತೊಂದರೆ ಕೊಡುತ್ತ ನನ್ನ ಗಂಡ ರಸ್ತೆ ಬದಿಯಲ್ಲಿ ನಿಧಾನವಾಗಿ, ಪೂರ್ತಿಯಾಗಿ ವಾಂತಿ ಮಾಡಿದರು. ಬಾಯಿ ಮುಕ್ಕಳಿಸಲು ನೀರು ಕೇಳಿದರು. ಬಾಟಲಿಯಲ್ಲಿದ್ದದ್ದು ಸಾಲದು, ಇನ್ನೂ ಬೇಕು ಎಂದರು. ಆಮೇಲೆ ಮುಂದಿನ ಬಾಗಿಲು ತೆಗೆದು, "ಆಂಟಿ, ನೀವು ಹಿಂದೆ ಕೂತ್ಕೊಳ್ಳಿ. ನನಗೆ ಗಾಳಿ ಬೇಕು" ಎಂದರು.

ಆಂಟಿ ಇಳಿದು ಹಿಂದೆ ಬಂದು, ನನ್ನ ಪಕ್ಕ ಮುಖ ದಪ್ಪ ಮಾಡಿಕೊಂಡು ಕೂತರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಭುಜ ಕುಲುಕುತ್ತಿದ್ದದ್ದು ನೋಡಿ ಅಳುತ್ತಿದ್ದೇನೆಂದು ಅವರು ಅಂದುಕೊಂಡಿರಬೇಕು, ಬೆನ್ನು ಸವರಿದರು.

ಸೋಮವಾರ ಬೆಳಿಗ್ಗೆ ನಾನು ಎದ್ದಾಗ ಪರದೆಯ ಅಂಚಿನಿಂದ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಆಫೀಸಿನ ಹೊತ್ತು ಮೀರಿತ್ತು. ಇವರು ಕೆಂಪು ಕಣ್ಣು ಬಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದರು.

"ಏನೇ ಅದು ಗೊರಕೆ! ರಾತ್ರಿಯೆಲ್ಲ ನನಗೆ ನಿದ್ದೆನೇ ಇಲ್ಲ" ಎಂದು ರೇಗಿದರು.