ಸಂಖ್ಯೆಯ ಮುಂದೆ ಬರೆಯಬೇಕಾದದ್ದು

ನಮ್ಮ ವಿಜ್ಞಾನದ ಟೀಚರ್ ಕೆಂಪು ಪೆನ್ನು ಮುಟ್ಟುವ ಮೊದಲು ಉಗುರು ಬಳಸುತ್ತಿದ್ದರು. ಉತ್ತರದ ಪಕ್ಕದ ಖಾಲಿ ಜಾಗದಲ್ಲಿ ತೋರುಬೆರಳಿನ ಉಗುರು ಒತ್ತಿದರೆ ಕೆಳಗಿನ ಹಾಳೆಯಲ್ಲೂ ಗೀರು ಮೂಡುತ್ತಿತ್ತು. "ಎಷ್ಟು ಅಂತ ಬರ್ದಿದ್ದೀಯ. ಏನು ಅಂತ ಯಾರು ಬರೀತಾರೆ?"

ಜಾವಳಿ ಕಡೆಯ ಹೈಸ್ಕೂಲು ನಮ್ಮದು. ಸಾಂದ್ರತೆಯ ಪಾಠಕ್ಕೆ ಅವರು ಪುಸ್ತಕ ತೆರೆಯಲಿಲ್ಲ. ನಮ್ಮ ಮನೆಗಳಿಂದ ಕಾಳುಮೆಣಸು ತರಿಸಿ, ಒಂದು ಲೀಟರಿನ ಪಾತ್ರೆಗೆ ತುಂಬಿಸಿ ತೂಗಿಸಿದರು. ನಮ್ಮ ತೋಟದ್ದು ಐನೂರ ಐವತ್ತು ಗ್ರಾಂ ತೂಗಿತು. ಗೆಳತಿ ತಂದ ಜೊಳ್ಳು ಮೆಣಸು ನಾನೂರನ್ನೂ ಮುಟ್ಟಲಿಲ್ಲ. ವ್ಯಾಪಾರಿಗಳು 'ಲೀಟರ್ ವೆಯ್ಟ್' ಅನ್ನುವುದು ಇದೇ ಸಾಂದ್ರತೆಯನ್ನು ಎಂದು ಅವತ್ತು ಗೊತ್ತಾಯಿತು.

ಪ್ರಿಪರೇಟರಿ ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂತು. ನಾನು ಸಂಖ್ಯೆ ಬರೆದು ಏಕಮಾನ ಬಿಟ್ಟೆ. ಸೊನ್ನೆ ಕೊಟ್ಟರು.

"ಉತ್ತರ ಸರಿ ಇದ್ಯಲ್ಲ ಟೀಚರ್?"

"ಸಂಖ್ಯೆ ಸರಿ ಇದೆ. ಉತ್ತರ ಇನ್ನೂ ಬಂದಿಲ್ಲ."

ಜಗಲಿಗೆ ಬಂದವಳೇ ಗೆಳತಿಯರ ಮುಂದೆ ಸಿಟ್ಟಿನಲ್ಲಿ ಅಂದೆ: "ಮಕ್ಕಳಿಲ್ಲದವರಿಗೆ ಮಕ್ಕಳ ಮೇಲೆ ಕರುಣೆ ಎಲ್ಲಿಂದ ಬರ್ಬೇಕು?" ತಿರುಗಿದರೆ ಟೀಚರ್ ಬಾಗಿಲಲ್ಲಿ ನಿಂತಿದ್ದರು. ಹಾಗೇ ಪಕ್ಕದ ತರಗತಿಗೆ ಹೋದರು.

ಮುಂದೆ ನಾನು ಫಾರ್ಮಸಿ ಓದಿ ಮೂಡಿಗೆರೆಯ ಒಂದು ಮೆಡಿಕಲ್ ಶಾಪಿಗೆ ಸೇರಿದೆ. ಅಷ್ಟರಲ್ಲಿ ನಿವೃತ್ತರಾಗಿದ್ದ ಟೀಚರ್ ತಿಂಗಳಿಗೊಮ್ಮೆ ಬಿಪಿ ಮಾತ್ರೆಗೆ ಬರುತ್ತಿದ್ದರು. ಒಂದು ಸಲ ಅವರೆದುರಿಗೇ ಒಬ್ಬ ತಾಯಿಗೆ ಮಗುವಿನ ಜ್ವರದ ಡ್ರಾಪ್ಸ್ ಕೊಟ್ಟು ಕಳಿಸಿದೆ.

"ಎಷ್ಟು ಹಾಕ್ಬೇಕು ಅಂತ ಹೇಳ್ಲಿಲ್ಲ ನೀನು."

"ಚೀಟಿಲಿ ಇದೆ ಟೀಚರ್."

"ಕರಿ ಅವಳನ್ನ."

ಅವರ ದನಿ ಕೇಳಿ ಬೀದಿಗೆ ಓಡಿದೆ. ಆಕೆಗೆ ಹೇಳಿ ವಾಪಸು ಬಂದಾಗ ಟೀಚರ್ ಬೆಂಚಿನ ಮೇಲೆ ಕೂತಿದ್ದರು.

"ನಾವಾಗ ಕಳಸದಲ್ಲಿದ್ವಿ. ಮಗಳಿಗೆ ಒಂದೂವರೆ ವರ್ಷ. ಜ್ವರ ಬಂದ್ರೆ ಸಿರಪ್ ಕೊಡ್ತಿದ್ದೆ, ಒಂದು ಚಮಚ. ಬಾಟ್ಲಿ ಮೇಲೆ ನೂರಿಪ್ಪತ್ತೈದು ಅಂತಿತ್ತು. ಆ ಸಲ ಸಿರಪ್ ಸಿಗ್ಲಿಲ್ಲ, ಡ್ರಾಪ್ಸ್ ಕೊಟ್ರು. ಅದರ ಮೇಲೆ ನೂರು. ಕಮ್ಮಿನೇ ಇದ್ಯಲ್ಲ ಅಂತ ಚಮಚ ತುಂಬ ಹಾಕ್ದೆ. ಮೂರು ದಿನ."

ಸಿರಪ್ಪಿನಲ್ಲಿ ನೂರಿಪ್ಪತ್ತೈದು ಮಿಲಿಗ್ರಾಂ ಇರುವುದು ಐದು ಎಂಎಲ್‌ಗೆ, ಅಂದರೆ ಒಂದು ಚಮಚಕ್ಕೆ. ಡ್ರಾಪ್ಸಿನಲ್ಲಿ ನೂರು ಇರುವುದು ಒಂದೇ ಎಂಎಲ್‌ಗೆ. ಚಮಚವೊಂದಕ್ಕೆ ನಾಲ್ಕು ಪಟ್ಟು.

"ಆಗ್ಲೂ ನಾನು ಸೈನ್ಸ್ ಟೀಚರೇ" ಅಂದರು.

"ಅವತ್ತು ಜಗಲಿಲಿ ನಾನು ಅಂದ ಮಾತು..."

"ಬಿಡು ಮಾರಾಯ್ತಿ. ಮಾತ್ರೆ ಕೊಡು, ಬಸ್ಸಿಗೆ ಹೊತ್ತಾಯ್ತು."

ತೀರಿಹೋದ ಆ ಮಗುವಿನ ವಿಷಯ ಅವರು ಮತ್ತೆ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಅವರು ತೀರಿಕೊಂಡ ಸುದ್ದಿ ಬಂದಾಗ ಕೌಂಟರಿನಲ್ಲಿ ಕಾಫಿ ಎಸ್ಟೇಟಿನ ಕೂಲಿ ಲೈನಿನ ಹೆಂಗಸೊಬ್ಬಳು ಜ್ವರದ ಮಗು ಎತ್ತಿಕೊಂಡು ನಿಂತಿದ್ದಳು. "ನಂಗೆ ಓದಕ್ಕೆ ಬರಲ್ಲ ಮೇಡಂ" ಅಂದಳು. ಡ್ರಾಪರಿಗೆ ಪೆನ್ನಿನಲ್ಲಿ ಗೆರೆ ಹಾಕಿದೆ. ಅವಳ ಕೈಯಿಂದಲೇ ಗೆರೆಯವರೆಗೆ ನೀರು ಎಳೆಸಿದೆ. ಮೊದಲ ಸಲ ಜಾಸ್ತಿ ಬಂತು. ಸರಿಯಾಗುವವರೆಗೂ ಎಳೆಸಿ, ಆಮೇಲೆ ಟೀಚರ್ ಊರು ಗೋಣಿಬೀಡಿನ ಬಸ್ಸು ಹಿಡಿದೆ. ನಾನು ಮುಟ್ಟುವಷ್ಟರಲ್ಲಿ ಟೀಚರನ್ನು ಸುಟ್ಟು ಎಲ್ಲರೂ ಹಿಂದಿರುಗುತ್ತಿದ್ದರು. ಮುಖ ನೋಡಲು ಸಿಗಲಿಲ್ಲ.