ಹಿಂದೆ ಸರಿದ ಬಸ್ಸಿನ ಫೋಟೋ

ಎರಡನೇ ಅಂತಸ್ತಿನ ಮಾಳಿಗೆಯ ಮೇಲೆ ನಿಂತು ಕೆಳಗೆ ನೋಡಿದರೆ ನನಗೆ ತಲೆ ತಿರುಗುತ್ತದೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ವಿಜಾಪುರ ಸೀಮೆಯ ಇಂಡಿಯಲ್ಲಿ ಹುಟ್ಟಿ ಬೆಳೆದವನಿಗೆ ಎತ್ತರದ ಅಭ್ಯಾಸ ಎಲ್ಲಿಂದ ಬರಬೇಕು? ನಮ್ಮ ನೆಲ ತಟ್ಟಿದ ರೊಟ್ಟಿಯಂತೆ ಸಮ. ಅಪ್ಪಿತಪ್ಪಿ ಎಲ್ಲಾದರೂ ದಿಬ್ಬ ಎದ್ದಿದ್ದರೆ ಅದರ ಮೇಲೊಂದು ನೀರಿನ ಟಾಕಿ ಕಟ್ಟಿ, ಅಲ್ಲಿಗೆ ಅದರ ಗುಡ್ಡತನವನ್ನೇ ಮುಗಿಸಿಬಿಟ್ಟಿರುತ್ತಾರೆ.

ಇಂಥ ನಾನು ಘಟ್ಟ ಇಳಿಯಲು ಹೊರಟದ್ದು ಹೆಂಡತಿಯ ದೆಸೆಯಿಂದ. ಸುಮಂಗಲಾಗೆ ಸಮುದ್ರ ನೋಡಬೇಕಿತ್ತು. ಆಕೆಯ ಗೆಳತಿ ರೆಹಾನಾಗೂ ನೋಡಬೇಕಿತ್ತು. ರೆಹಾನಾಳ ಗಂಡ ದಸ್ತಗೀರ ನನ್ನ ಕಾಲೇಜಿನ ಗೆಳೆಯ, ಸಿಂದಗಿಯಲ್ಲಿ ತೊಗರಿ ವ್ಯಾಪಾರಿ. ಕಾರು ಅವನದು, ಹಟ ಹೆಂಗಸರದು, ಕ್ಯಾಮೆರಾ ನನ್ನದು. ಇಂಡಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮುದ್ದೇಬಿಹಾಳದಿಂದ ಬಾಗೇವಾಡಿಯವರೆಗೆ ಎಷ್ಟೋ ಮದುಮಕ್ಕಳನ್ನು ‘ಸ್ವಲ್ಪ ನಗ್ರಿ’ ಎಂದು ಕಾಡಿದವನು ನಾನು.

ದಸ್ತಗೀರ ಒಳ್ಳೆಯ ಮನುಷ್ಯ. ಆದರೆ ಸ್ಟೇರಿಂಗ್ ಹಿಡಿದಾಗ ಡಾಂಬರು ಬಿಟ್ಟು ಇಳಿಯುವವನಲ್ಲ. ನಮ್ಮ ಕಡೆಯ ಒಂಟಿ ರಸ್ತೆಗಳಲ್ಲಿ ಎದುರುಬದುರಾದ ಎರಡು ಗಾಡಿಗಳಲ್ಲಿ ಒಂದು ಮಣ್ಣಿಗೆ ಇಳಿಯಲೇಬೇಕು. ಯಾರು ಇಳಿಯಬೇಕೆನ್ನುವುದು ಮರ್ಯಾದೆಯ ಪ್ರಶ್ನೆ. ತಪ್ಪು ಅವನದಲ್ಲ, ಭಾಷೆಯದೇ ಇರಬೇಕು. ಕನ್ನಡದಲ್ಲಿ ಹಿಂದಕ್ಕೆ ಹೋಗುವವನ ಪಾಲಿಗೆ ಒಂದು ಒಳ್ಳೆಯ ಮಾತಿಲ್ಲ ನೋಡಿ. ಹಿಂಜರಿದ ಎಂದರೆ ಪುಕ್ಕಲ, ಹಿಮ್ಮೆಟ್ಟಿದ ಎಂದರೆ ಸೋತ, ಹಿಂದೇಟು ಹಾಕಿದ ಎಂದರೆ ಮಾತಿಗೆ ತಪ್ಪಿದ. ಮುಂದೆ ಹೋದವನು ಮಾತ್ರ ಮುಂದಾಳು, ಮುಖಂಡ! ಗೌರವದಿಂದ ಹಿಂದೆ ಸರಿದವನಿಗೆ ಏನನ್ನಬೇಕೆಂದು ನಮ್ಮ ಹಿರಿಯರಿಗೂ ತೋಚಿರಲಿಕ್ಕಿಲ್ಲ.

ಮಳೆಗಾಲ ಆಗಷ್ಟೇ ಮುಗಿದಿತ್ತು. ದೊಡ್ಡ ಘಟ್ಟದ ರಸ್ತೆ ರಿಪೇರಿಗೆಂದು ಮುಚ್ಚಿದ್ದರಿಂದ ನಮ್ಮನ್ನು ಹಳೆಯ ದಾರಿಗೆ ತಿರುಗಿಸಿದರು. ಸಹ್ಯಾದ್ರಿಯ ಬಂಡೆಯನ್ನು ಕೆತ್ತಿ ಮಾಡಿದ, ಒಂದೇ ಗಾಡಿಗೆ ಸಾಲುವಷ್ಟು ಅಗಲದ ದಾರಿ. ಬಲಕ್ಕೆ ಆಕಾಶದವರೆಗೆ ಎದ್ದ ಕಲ್ಲು, ಎಡಕ್ಕೆ ಮಂಜು. ಮಂಜಿನ ಕೆಳಗೆ ಏನಿದೆಯೆಂದು ತಿಳಿಯದಿರಲೆಂದೇ ದೇವರು ಅದನ್ನು ಅಲ್ಲಿ ಹಾಸಿದ್ದಾನೆಂದು ನನಗನ್ನಿಸಿತು. ಒಮ್ಮೆ ಗಾಳಿ ಬೀಸಿ ಅದು ಸರಿದಾಗ ಕೆಳಗೆ ಒಂದು ಊರು ಕಂಡಿತು. ಊರೆಂದರೆ ಯಾರೋ ಚೆಲ್ಲಿದ ಒಂದು ಹಿಡಿ ಜೋಳ. ಎದೆ ಝಲ್ಲೆಂದಿತು. ಭಯವೋ ಭಕ್ತಿಯೋ ಹೇಳಲಾರೆ.

ಆಗಲೇ ತಿರುವಿನಿಂದ ಕೆಂಪು ಬಸ್ಸು ಎದುರಾಯಿತು.

ಅದು ಹತ್ತುತ್ತಿತ್ತು, ನಾವು ಇಳಿಯುತ್ತಿದ್ದೆವು. ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ಘಟ್ಟದ ನಿಯಮ. ದಸ್ತಗೀರನಿಗೂ ಅದು ಗೊತ್ತಿತ್ತು. ರಿವರ್ಸ್ ಹಾಕಿ, ಹಿಂದೆ ನೋಡುತ್ತ ಮೇಲಕ್ಕೆ ಒಯ್ಯಲು ನೋಡಿದ. ಕಾರು ಒಮ್ಮೆ ಹಿಂದಕ್ಕೆ ಹೋಗಿ, ನಡುಗಿ, ಮತ್ತೆ ಮುಂದಕ್ಕೆ ಜಾರಿತು. ಎರಡನೇ ಸಲ ಒಯ್ದಾಗ ಎಡಗಡೆಯ ಹಿಂದಿನ ಗಾಲಿ ಅಂಚಿನ ಸಡಿಲ ಕಲ್ಲುಗಳ ಮೇಲೆ ಹೋಗಿ ಗರಗರ ತಿರುಗಿತು. ಕಲ್ಲುಗಳು ಉರುಳಿದ ಸದ್ದು ಕೇಳಿಸಿತು, ಕೆಳಗೆ ಮುಟ್ಟಿದ ಸದ್ದು ಕೇಳಿಸಲಿಲ್ಲ. ಆ ಬದಿಗೆ ಕೂತವನು ನಾನು.

“ಏನ್ರಿ, ನಿಲ್ಲಸ್ರಿ!” ಎಂದು ರೆಹಾನಾ ಗಂಡನ ಭುಜ ಹಿಡಿದಳು.

“ನಿಲ್ಲಿಸೇನಿ... ಕಾಲ ನಡಗಾಕತ್ತೈತಿ,” ಎಂದ ದಸ್ತಗೀರ. ಮೂವತ್ತು ವರ್ಷದ ಗೆಳೆತನದಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ.

ಬಸ್ಸಿನವನು ಹಾರ್ನ್ ಹೊಡೆಯುತ್ತಾನೆ, ಬೈಯುತ್ತಾನೆ ಎಂದು ಕಾದೆ. ಎರಡೂ ಆಗಲಿಲ್ಲ. ಕಂಡಕ್ಟರ್ ಇಳಿದು, ದಾರಿಬದಿಯ ಒಂದು ಕಲ್ಲನ್ನು ಎತ್ತಿಕೊಂಡು ಬಂದು ನಮ್ಮ ಮುಂದಿನ ಗಾಲಿಗೆ ಆನಿಸಿ ಇಟ್ಟ. ನಂಬರ್ ಪ್ಲೇಟ್ ನೋಡಿದವನೇ ಕಿಟಕಿಗೆ ಬಂದು, ನಮ್ಮೂರಿನವನಂತೆಯೇ ಮಾತಾಡಿದ. ನಮ್ಮ ಗಡಿಯಾಚೆಯ ಜತ್ತದ ಕಡೆಯವನಿರಬೇಕು.

“ವಿಜಾಪುರದವರೇನ್ರಿ? ಅಂಜಬ್ಯಾಡ್ರಿ. ಯಾರೂ ಬಾಗಲಾ ತಗೀಬ್ಯಾಡ್ರಿ. ಕಾಕಾ, ಬ್ರೇಕ್ ಮ್ಯಾಲಿನ ಕಾಲ ಹಂಗ ಇರಲಿ. ನೀವು ಹಿಂದ ಹೋಗೂದ್ ಬ್ಯಾಡ, ನಾವ ಹೋಗ್ತೇವಿ.”

“ಅಲ್ಲಪಾ, ತುಂಬಿದ ಬಸ್ಸು...” ಎಂದ ದಸ್ತಗೀರ.

“ಅದಕ್ಕೇನ್ರಿ? ನಮ್ಮ ಡ್ರೈವರಗ ದಿನಾ ಇದ ದಾರಿ. ನಿಮಗ ಇವತ್ತೊಂದ ದಿನ.”

ಕಂಡಕ್ಟರ್ ಬಸ್ಸಿನ ಹಿಂದಕ್ಕೆ ಹೋಗಿ ಸೀಟಿ ಊದಿದ. ಅದರ ಹಿಂದೆ ಹಾಲಿನ ಗಾಡಿ, ಅದರ ಹಿಂದೆ ಒಂದು ಜೀಪು, ಕೆಲವು ಬೈಕುಗಳು ನಿಂತಿದ್ದವು. ಮೊದಲು ಬೈಕುಗಳು ತಿರುಗಿದವು. ಜೀಪು ಹಿಂದೆ ಸರಿಯಿತು, ಹಾಲಿನ ಗಾಡಿ ಸರಿಯಿತು. ಕೊನೆಗೆ ಆ ಕೆಂಪು ಬಸ್ಸು, ಮೈತುಂಬ ಜನರನ್ನು ಹೊತ್ತುಕೊಂಡು, ತಿರುವಿನ ಗುಂಟ ಹಿಂದಕ್ಕೆ ಇಳಿಯತೊಡಗಿತು. ಮಲಗಿದ ಕೂಸಿನ ಕೋಣೆಯಿಂದ ತಾಯಿ ಹೊರಬರುವಾಗ ಹೇಗೆ ಬರುತ್ತಾಳೆ, ಹಾಗೆ. ಬಸ್ಸಿನೊಳಗಿನ ಯಾರೂ ಕೂಗಾಡಲಿಲ್ಲ. ಮುಂದಿನ ಸೀಟಿನ ಮುದುಕಿಯೊಬ್ಬಳು ನಮ್ಮತ್ತ ನೋಡಿ, ಅಂಗೈ ಆಡಿಸಿ, ‘ನಿಧಾನಕ್ಕೆ ಬನ್ನಿ’ ಎಂದು ಸನ್ನೆ ಮಾಡಿದಳು.

ನನ್ನ ಕೈ ತಾನಾಗಿಯೇ ಕ್ಯಾಮೆರಾ ಎತ್ತಿತು. ಕಾರಿನ ಗಾಜಿನೊಳಗಿಂದ ಒಂದೇ ಸಮನೆ ಕ್ಲಿಕ್ಕಿಸಿದೆ.

“ಜೀವ ಹೋಗೂ ಹೊತ್ತಿನ್ಯಾಗೂ ಫೋಟೋ ಏನ್ರಿ ನಿಮ್ಮದು?” ಎಂದಳು ಸುಮಂಗಲಾ. ಹಾಗೆನ್ನುತ್ತಲೇ ಲೆನ್ಸಿಗೆ ಅಡ್ಡ ಬಂದಿದ್ದ ತನ್ನ ಸೆರಗನ್ನು ಸರಿಸಿಕೊಂಡಳು.

ಝರಿಯೊಂದು ಬೀಳುವ ಕಡೆ ರಸ್ತೆ ತುಸು ಅಗಲವಿತ್ತು. ಅಲ್ಲಿ ಅಷ್ಟೂ ಗಾಡಿಗಳು ಬಂಡೆಗೆ ಆತು ಸಾಲಾಗಿ ನಿಂತವು. ಕಂಡಕ್ಟರ್ ಮರಳಿ ಬಂದು ಕಲ್ಲು ತೆಗೆದು, ಕಾರಿನ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಎರಡೂ ಕೈಯಿಂದ ನಮ್ಮನ್ನು ಕರೆದುಕೊಂಡು ಇಳಿದ. ಬಸ್ಸಿನ ಪಕ್ಕಕ್ಕೆ ಬಂದಾಗ ದಸ್ತಗೀರ ಕೈಯನ್ನು ಎದೆಗೆ ಮುಟ್ಟಿಸಿದ. ಡ್ರೈವರ್ ಎರಡು ಬೆರಳೆತ್ತಿದ, ಅಷ್ಟೇ. ಹಾಲಿನ ಗಾಡಿಯವನು ಕೈಯೆತ್ತಿದ. ಜೀಪಿನವನೂ ಎತ್ತಿದ. ಉಪಕಾರ ಮಾಡಿದವರೇ ನಮಗೆ ನಮಸ್ಕಾರ ಹೇಳಿ ಕಳಿಸುತ್ತಿದ್ದರು! ಮರುದಿನ ಸಮುದ್ರವನ್ನೂ ನೋಡಿದೆವು. ದೊಡ್ಡದೇ, ಸುಳ್ಳಲ್ಲ. ಆದರೆ ಬಸ್ಸನ್ನು ಕಂಡು ಬಂದವರಿಗೆ ಅದೇನೂ ಹೆಚ್ಚೆನ್ನಿಸಲಿಲ್ಲ.

ಊರಿಗೆ ಬಂದು ಸ್ಟುಡಿಯೋದ ಕಂಪ್ಯೂಟರಿನಲ್ಲಿ ಫೋಟೋ ತೆರೆದು ನೋಡಿದೆ. ಚಿತ್ರಗಳು ಚೆನ್ನಾಗಿಯೇ ಬಂದಿದ್ದವು: ಕೆಂಪು ಬಸ್ಸು, ಕರಿ ಬಂಡೆ, ಬಿಳಿ ಮಂಜು. ಸೌಜನ್ಯ ಮಾತ್ರ ಒಂದರಲ್ಲೂ ಇರಲಿಲ್ಲ. ಹಿಂದೆ ಹೋಗುವ ಬಸ್ಸೂ ಮುಂದೆ ಬರುವ ಬಸ್ಸೂ ಫೋಟೋದಲ್ಲಿ ಒಂದೇ. ನೋಡಿದವರೆಲ್ಲ “ಅಬ್ಬಾ, ಎದುರಿಗೇ ಬರಾಕತ್ತೈತಲ್ಲರಿ, ನಿಮ್ಮ ಕಾರಿಗೆ ಹಾಯ್ತೇನು?” ಎಂದೇ ಕೇಳಿದರು. ಆಗ ನನಗೊಂದು ಹೊಳೆಯಿತು. ಕ್ಯಾಮೆರಾ ಹಿಡಿಯುವುದು ಒಂದೇ ಗಳಿಗೆಯನ್ನು. ದಾರಿ ಬಿಡುವುದಕ್ಕೆ ಎರಡು ಗಳಿಗೆ ಬೇಕು: ತನಗೆ ಹಕ್ಕಿದೆಯೆಂದು ತಿಳಿಯುವ ಗಳಿಗೆ ಒಂದು, ಅದನ್ನು ಬಿಟ್ಟುಕೊಡುವ ಗಳಿಗೆ ಇನ್ನೊಂದು. ಅವೆರಡರ ನಡುವೆ ನಡೆಯುವುದನ್ನು ಹಿಡಿಯುವ ಲೆನ್ಸು ಇನ್ನೂ ಅಂಗಡಿಗೆ ಬಂದಿಲ್ಲ.

ದೀಪಾವಳಿ ಕಳೆದು ಕಬ್ಬಿನ ಹಂಗಾಮು ಶುರುವಾದ ಮೇಲೆ ಒಂದು ಮಧ್ಯಾಹ್ನ ದಸ್ತಗೀರನ ಜೊತೆ ಅಗರಖೇಡಕ್ಕೆ ಹೊರಟಿದ್ದೆ. ಎದುರಿಗೆ ಎರಡು ಟ್ರೇಲರ್ ಡಬ್ಬಿ ತುಂಬ ಕಬ್ಬು ಎಳೆದುಕೊಂಡು ಒಂದು ಟ್ರ್ಯಾಕ್ಟರ್ ಬರುತ್ತಿತ್ತು. ಇನ್ನೂ ಬಹಳ ದೂರವಿತ್ತು. ದಸ್ತಗೀರ ಕಾರನ್ನು ಮಣ್ಣಿಗಿಳಿಸಿ, ಎಂಜಿನ್ ಬಂದ್ ಮಾಡಿ ಕಾದ. ನಾನು ಅವನ ಮುಖ ನೋಡಲಿಲ್ಲ, ನೋಡಿದ್ದರೆ ಇಬ್ಬರಿಗೂ ನಾಚಿಕೆಯಾಗುತ್ತಿತ್ತು.

ಟ್ರ್ಯಾಕ್ಟರ್ ಹಾಯ್ದು ಹೋಗಲಿಲ್ಲ. ನಮ್ಮ ಪಕ್ಕದಲ್ಲೇ ನಿಂತಿತು. ಅದರ ಡ್ರೈವರ್ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಕೆಳಗೆ ಜಿಗಿದ.

“ಏನಾತ್ರಿ ಸಾವ್ಕಾರ? ಗಾಡಿ ಕೆಟ್ಟೈತೇನ್ರಿ? ತಡೀರಿ, ನೋಡ್ತೇನಿ.”

ಪಾಪ, ಅವನ ತಿಳಿವಳಿಕೆಯಲ್ಲಿ ಚೆನ್ನಾಗಿರುವ ಕಾರು ತಾನಾಗಿ ಡಾಂಬರು ಬಿಟ್ಟು ಇಳಿದದ್ದಿಲ್ಲ. ‘ನಿನಗೆ ದಾರಿ ಬಿಟ್ಟೆ’ ಎಂದು ನಾನು ಹೇಳಹೊರಟೆ. ದಸ್ತಗೀರ ನನ್ನ ಮೊಣಕೈ ಒತ್ತಿದ.

“ಹೌದಪಾ,” ಎಂದ ಅವನು ಮೆತ್ತಗೆ. “ಸ್ವಲ್ಪ ಬಿಸಿ ಆದಂಗ ಅನಿಸ್ತು. ನೋಡು ನೀನ.”

ಟ್ರ್ಯಾಕ್ಟರಿನವನು ಬಾನೆಟ್ ಎತ್ತಿಸಿ, ಅದಕ್ಕೆ ಇದಕ್ಕೆ ಕೈ ಆಡಿಸಿ, ತನ್ನ ಬಾಟಲಿಯ ಕುಡಿಯುವ ನೀರನ್ನೇ ಎಂಜಿನ್ನಿಗೆಂದು ಗಾಜು ತೊಳೆಯುವ ವೈಪರಿನ ಡಬ್ಬಿಗೆ ಸುರಿದು, “ಈಗ ಹೋಗ್ರಿ, ಏನೂ ಆಗಂಗಿಲ್ಲ,” ಎಂದು ತೃಪ್ತಿಯಿಂದ ಟ್ರ್ಯಾಕ್ಟರ್ ಹತ್ತಿದ. ನಾವಿಬ್ಬರೂ ಕೈಯೆತ್ತಿ ನಿಂತೆವು. ಕಾರು ನಿಜಕ್ಕೂ ಮೊದಲಿಗಿಂತ ಚೆನ್ನಾಗಿ ಓಡಿತೆಂದು ದಸ್ತಗೀರ ಇವತ್ತಿಗೂ ಹೇಳುತ್ತಾನೆ. ನಾನೂ ಅಲ್ಲಗಳೆಯಲು ಹೋಗಿಲ್ಲ.